ಖರಾಬು ಅಂತ ಬರೆದ ನೆಲದಲ್ಲಿ ಒಂದು ದಿನ

ಮಾನ್ಯ ಸಂಪಾದಕರೇ,

ಜೂನ್ 5ರ ಪರಿಸರ ದಿನ ಹತ್ತಿರ ಬಂತು. ಆಮೇಲೆ ಜುಲೈ ಮೊದಲ ವಾರ ವನಮಹೋತ್ಸವ. ಶಾಲೆಗಳು, ಪಂಚಾಯಿತಿಗಳು, ಯುವಕ ಸಂಘಗಳು ಎಲ್ಲ ಸಸಿ ನೆಡುವ ತಯಾರಿಯಲ್ಲಿವೆ. ಒಳ್ಳೆಯ ಕೆಲಸ, ನನಗೂ ಖುಷಿ. ಆದರೆ ಆ ಸಸಿಗಳನ್ನು ಎಲ್ಲಿ ನೆಡುತ್ತೀರಿ ಅನ್ನುವುದನ್ನು ಒಂದು ಸಲ ಯೋಚಿಸಿ ಅಂತ ಕೇಳಿಕೊಳ್ಳಲು ಈ ಪತ್ರ. ಕಳೆದ ಭಾನುವಾರ ನಾನು ಮತ್ತು ನಮ್ಮ ಮನೆಯವರು ತುಮಕೂರಿನಿಂದ ಹೊರಟು ಹಳ್ಳಿ ರಸ್ತೆಗಳಲ್ಲಿ ಒಂದು ದಿನ ಸುತ್ತಿ ಬಂದೆವು. ಅಲ್ಲಿ ಕಂಡದ್ದನ್ನು ಹೇಳಿದರೆ ನನ್ನ ಮಾತು ಸರಿಯಾಗಿ ಅರ್ಥವಾಗುತ್ತದೆ.

ನಾನು ಪಶುಪಾಲನಾ ಇಲಾಖೆಯಲ್ಲಿ ಪರೀಕ್ಷಕನಾಗಿ 34 ವರ್ಷ ಕೆಲಸ ಮಾಡಿದವನು. 1984ರಲ್ಲಿ ಸೇರಿ 2018ರಲ್ಲಿ ನಿವೃತ್ತನಾದೆ. ಬಹುಪಾಲು ಮಧುಗಿರಿ, ಶಿರಾ ತಾಲ್ಲೂಕಿನಲ್ಲೇ. ಹಳ್ಳಿಗಳಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ, 'ಕುರಿ ಡಾಕ್ಟ್ರು' ಅಂತಲೇ ಕರೆಯುತ್ತಿದ್ದರು. ಮೇ ತಿಂಗಳು ಬಂತೆಂದರೆ ಬಿಡುವೇ ಇರುತ್ತಿರಲಿಲ್ಲ. ಮೊದಲ ಮಳೆ ಬಿದ್ದು ಹೊಸ ಹುಲ್ಲು ಚಿಗುರುತ್ತದಲ್ಲ, ಅದನ್ನು ಹಸಿದ ಕುರಿಗಳು ಆಸೆಬಿದ್ದು ಮೇಯುತ್ತವೆ. ಕರುಳು ಬೇನೆ ಬಂದರೆ ರಾತ್ರಿ ಚೆನ್ನಾಗಿದ್ದ ಕುರಿ ಬೆಳಿಗ್ಗೆ ಸತ್ತು ಬಿದ್ದಿರುತ್ತದೆ. ಅದಕ್ಕೇ ಮಳೆಗೆ ಮೊದಲೇ ಲಸಿಕೆ ಹಾಕಿ ಮುಗಿಸಬೇಕು. ಥರ್ಮಾಸ್ ಫ್ಲಾಸ್ಕಿಗೆ ಐಸ್ ತುಂಬಿ, ಅದರೊಳಗೆ ಲಸಿಕೆ ಬಾಟಲಿ ಇಟ್ಟು, ಬೈಕಿಗೆ ಕಟ್ಟಿಕೊಂಡು ಬೆಳಗಿನ ಜಾವ ಹೊರಡುತ್ತಿದ್ದೆ. ಕುರಿ ರೊಪ್ಪದಿಂದ ಹೊರಬೀಳುವ ಮೊದಲೇ ನಾವು ಅಲ್ಲಿರಬೇಕು. ಹಾಗಾಗಿ ಬೇಸಿಗೆ ಕೊನೆಯ ಆ ಬೆಳಗುಗಳು, ಆ ಮಣ್ಣು ರಸ್ತೆಗಳು, ದಾರಿಗೆ ಅಡ್ಡ ಬರುವ ಪ್ರಾಣಿಗಳು ನನಗೆ ಚೆನ್ನಾಗಿ ಪರಿಚಯ.

ಮನೆಗೆ ಬಂದು ಇದನ್ನೆಲ್ಲ ಹೇಳುತ್ತಿದ್ದೆ. ಈ ಸಲ ನಮ್ಮ ಮನೆಯವರು ನೇರವಾಗಿ ಕೇಳಿಬಿಟ್ಟರು. "ರೀ, ಮದುವೆಯಾದಾಗಿನಿಂದ ಜಿಂಕೆ ಕಂಡೆ, ನರಿ ಕಂಡೆ ಅಂತ ಹೇಳ್ತಾನೇ ಇದ್ದೀರಿ. ಒಂದು ಸಲನಾದ್ರೂ ಕರ್ಕೊಂಡು ಹೋಗಿ ತೋರಿಸಿದ್ರಾ?" ನಿಜ. ತೋರಿಸಿರಲಿಲ್ಲ. ಕೆಲಸದ ದಾರಿ ಅಂತ ಅಂದುಕೊಂಡಿದ್ದೆನೇ ಹೊರತು ಅದು ನೋಡುವ ಜಾಗ ಅಂತ ನನಗೂ ಹೊಳೆದಿರಲಿಲ್ಲ.

ಐದೂವರೆಗೆ ನಮ್ಮ ಹಳೆಯ ಆಲ್ಟೊದಲ್ಲಿ ಹೊರಟೆವು. ಬುತ್ತಿಗೆ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಎರಡು ದಿನ ಹಿಂದೆ ಕೃತ್ತಿಕಾ ಮಳೆ ಒಂದು ಹದ ಬಿದ್ದಿತ್ತು. ಕೊರಟಗೆರೆ ದಾಟುವಷ್ಟರಲ್ಲಿ ಬೆಳಕಾಯಿತು. ತಿಮ್ಮಲಾಪುರ ಕಾಡಿನ ಕಡೆ ಕರಡಿ ಜಾಸ್ತಿ, ಆದರೆ ನಮಗೆ ಕಂಡದ್ದು ರಸ್ತೆ ಬದಿ ಕೂತಿದ್ದ ಕೋತಿಗಳು ಮಾತ್ರ. ಮಧುಗಿರಿಯ ಏಕಶಿಲಾ ಬೆಟ್ಟದ ತುದಿಗೆ ಮೋಡ ತಾಗಿಕೊಂಡಿತ್ತು. ಅಲ್ಲಿ ಕಾಫಿ ಕುಡಿದು ಕೊಡಿಗೇನಹಳ್ಳಿ ದಾರಿ ಹಿಡಿದೆವು.

ಅಲ್ಲಿಂದ ಮುಂದೆ ಗಂಟೆಗೆ ಮೂವತ್ತು ಕಿಲೋಮೀಟರ್ ಮೀರಲಿಲ್ಲ. ಪ್ರಾಣಿ ನೋಡಬೇಕು ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ನಿಧಾನ ಹೋಗಿ, ಗಾಜು ಇಳಿಸಿ, ಹಾಡು ನಿಲ್ಲಿಸಿ. ತಂತಿಯ ಮೇಲೆ ನೀಲಕಂಠ ಕೂತಿತ್ತು. ಕೂತಾಗ ಮಾಸಲು ಕಂದು ಬಣ್ಣದ ಹಕ್ಕಿ, ಹಾರಿದರೆ ರೆಕ್ಕೆಯೊಳಗೆ ಎರಡು ಥರದ ನೀಲಿ. ನಮ್ಮ ಮನೆಯವರು "ಇದು ಅದೇ ಹಕ್ಕಿನಾ?" ಅಂತ ಎರಡು ಸಲ ಕೇಳಿದರು. ಬೇಲಿಯ ಮೇಲೆ ಕಳಿಂಗ, ತಂತಿಯ ಮೇಲೆ ಸಾಲಾಗಿ ಕಳ್ಳಿಪೀರ, ಕಡಲೆಕಾಯಿಗೆ ಅಂತ ಉತ್ತು ಬಿಟ್ಟ ಹೊಲದಲ್ಲಿ ನವಿಲುಗಳು. ಕೌಜುಗಗಳಂತೂ ರಸ್ತೆ ಮಧ್ಯೆ ಮರಿಗಳನ್ನು ಕರೆದುಕೊಂಡು ಹೋಗುತ್ತಿದ್ದವು. ಅವು ದಾಟುವವರೆಗೆ ಎಂಜಿನ್ ಆಫ್ ಮಾಡಿ ಕೂತೆವು. ಹಿಂದಿನಿಂದ ಬಂದ ಹಾಲಿನ ವ್ಯಾನಿನವನೂ ಹಾರ್ನ್ ಮಾಡದೆ ಕಾದ. ಅವನಿಗೆ ಇಲ್ಲಿಂದಲೇ ಒಂದು ನಮಸ್ಕಾರ.

ಒಂದು ಕಡೆ ಕಾರು ನಿಲ್ಲಿಸಿ ಇಳಿದಾಗ ಕಾಲ ಹತ್ತಿರ ಕೆಂಪು ಮಖಮಲ್ಲಿನ ಚೂರಿನಂಥ ಹುಳಗಳು. ಮಳೆ ಬಿದ್ದಾಗ ಮಾತ್ರ ನೆಲದೊಳಗಿಂದ ಮೇಲೆ ಬರುತ್ತವೆ. ನಾವು ಚಿಕ್ಕವರಿದ್ದಾಗ ಬೆಂಕಿಪೊಟ್ಟಣದಲ್ಲಿ ಹುಲ್ಲು ಹಾಕಿ ಇಟ್ಟುಕೊಳ್ಳುತ್ತಿದ್ದೆವು. ನಮ್ಮ ಮನೆಯವರು ಒಂದನ್ನು ಅಂಗೈ ಮೇಲೆ ಬಿಟ್ಟುಕೊಂಡರು. ಕಾಲು ಮಡಚಿಕೊಂಡು ಕುಂಕುಮದ ಉಂಡೆಯ ಹಾಗೆ ಆಯಿತು. ಸ್ವಲ್ಪ ಹೊತ್ತಿಗೆ ಮತ್ತೆ ನಡೆಯಲು ಶುರು ಮಾಡಿತು. ಅದನ್ನು ಹುಲ್ಲಿನ ಬುಡಕ್ಕೆ ಬಿಟ್ಟು ಕೈ ಒರೆಸಿಕೊಳ್ಳದೆ ಹಾಗೇ ಕೂತರು.

ಎಂಟು ಗಂಟೆ ಹೊತ್ತಿಗೆ ಮೈದನಹಳ್ಳಿ. ಆಂಧ್ರದ ಗಡಿಗೆ ಅಂಟಿಕೊಂಡ ಊರು. ಇಲ್ಲಿನ 798 ಎಕರೆ ಬಯಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ್ದಾರೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿಯ ಹೆಸರು. ನಮ್ಮ ಜಿಲ್ಲೆಯ ಎಷ್ಟೋ ಜನರಿಗೆ ಇಂಥದ್ದೊಂದು ಜಾಗ ಇದೆ ಅಂತಲೇ ಗೊತ್ತಿಲ್ಲ. ಜಿಂಕೆ ನೋಡಲು ಬಂಡೀಪುರಕ್ಕೆ ಹೋಗುತ್ತಾರೆ. ಮನೆ ಹತ್ತಿರವೇ ಇವೆ!

ಅಲ್ಲಿಗೆ ಹೋದ ಕೂಡಲೇ ಯಾರಿಗಾದರೂ ಅನ್ನಿಸುವುದು 'ಇಲ್ಲೇನೂ ಇಲ್ಲವಲ್ಲ' ಅಂತಲೇ. ಒಣಗಿದ ಕರಡ, ಅಲ್ಲಲ್ಲಿ ಒಂದು ಗಿಡ, ಕೆಂಪು ನೆಲ, ಮೇಲೆ ಆಕಾಶ. ನಮ್ಮ ಮನೆಯವರ ಮುಖದಲ್ಲೂ ಅದೇ ಕಂಡಿತು. "ಐದು ನಿಮಿಷ ಸುಮ್ನೆ ನೋಡು" ಅಂದೆ. ಮೊದಲು ಕಿವಿಗಳು ಕಂಡವು. ಆಮೇಲೆ ಒಂದು ಬೆನ್ನು. ಹುಲ್ಲಿನ ಬಣ್ಣವೇ ಮೈಬಣ್ಣ ಆದ್ದರಿಂದ ಹೆಣ್ಣುಗಳು ನೆಲದಿಂದಲೇ ಎದ್ದು ಬಂದ ಹಾಗೆ ಒಂದೊಂದಾಗಿ ಕಾಣಿಸತೊಡಗಿದವು. ಎಣಿಸಿದೆವು, 43. ಅದರಲ್ಲಿ ಪೂರ್ತಿ ಕಪ್ಪಾದ ಗಂಡು ಮೂರು.

ಅದರಲ್ಲಿ ಒಂದು ಗಂಡು ನಮಗೆ ಸಾಕಷ್ಟು ಹತ್ತಿರ ಇತ್ತು. ತಿರುಚಿದ ಕೊಂಬು ಬೆನ್ನಿಗೆ ತಾಗುವಷ್ಟು ಮೂತಿ ಮೇಲೆತ್ತಿಕೊಂಡು, ಬಾಲ ಸುರುಳಿ ಮಾಡಿಕೊಂಡು, ಹೆಣ್ಣಿನ ಹಿಂದೆ ಸಣ್ಣ ಸಣ್ಣ ಹೆಜ್ಜೆ ಇಡುತ್ತಿತ್ತು. ಕಣ್ಣಿನ ಕೆಳಗೆ ಒಂದು ಸೀಳಿನಂಥ ಗ್ರಂಥಿ ಇದೆ. ಅದನ್ನು ಹುಲ್ಲಿನ ಕಡ್ಡಿಗೆ ತಾಗಿಸಿ ಉಜ್ಜಿತು. ಇದು ನನ್ನ ಜಾಗ ಅಂತ ಗುರುತು ಹಾಕುವುದು ಹಾಗೆ. ಗಡಿಯಲ್ಲಿ ಒಂದೇ ಕಡೆ ಹಿಕ್ಕೆ ಹಾಕಿ ಗುಡ್ಡೆಯನ್ನೂ ಮಾಡುತ್ತದೆ. ನಮ್ಮ ರೈತರು ಬದುವಿಗೆ ಕಲ್ಲು ನೆಡುವ ಹಾಗೆ. ಅಷ್ಟರಲ್ಲಿ ದೂರದಲ್ಲಿ ಒಂದು ನಾಯಿ ಕಾಣಿಸಿತು. ಒಂದು ಹೆಣ್ಣು ನಾಲ್ಕೂ ಕಾಲು ಸೇರಿಸಿ ನೆಟ್ಟಗೆ ಮೇಲಕ್ಕೆ ಚಿಮ್ಮಿತು. ಹಿಂದೆಯೇ ಇನ್ನೊಂದು, ಮತ್ತೊಂದು. ನೋಡುತ್ತಿದ್ದಂತೆ ಇಡೀ ಗುಂಪು ಬಯಲಿನ ಆ ತುದಿಯಲ್ಲಿತ್ತು. ನಮ್ಮ ಮನೆಯವರು ಬಾಯಿ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಈ ಪ್ರಾಣಿ ಅಡಗಿಕೊಂಡು ಬದುಕುವುದಲ್ಲ. ದೂರದಿಂದಲೇ ನೋಡುವುದು, ಓಡಿ ತಪ್ಪಿಸಿಕೊಳ್ಳುವುದು, ಇದೇ ಅದರ ಬಾಳು. ಹಿಂದೆ ಈ ಬಯಲುಗಳಲ್ಲಿ ಚೀತಾ ಇತ್ತು, ಅದರಿಂದ ತಪ್ಪಿಸಿಕೊಳ್ಳಲು ಕಲಿತ ಓಟ ಅದು. ಚೀತಾ ಹೋಯಿತು, ಓಟ ಉಳಿದಿದೆ. ಕಣ್ಣಿಗೆ ಅಡ್ಡವಾಗಿ ಮರ ಬೆಳೆದರೆ ನಾಯಿ ಎಲ್ಲಿಂದ ಬರುತ್ತಿದೆ ಅಂತ ಅದಕ್ಕೆ ಕಾಣುವುದಿಲ್ಲ. ಓಡಲು ದಾರಿಯೂ ಇರುವುದಿಲ್ಲ. ಮರಿಯನ್ನು ತಾಯಿ ಮೊದಮೊದಲು ಜೊತೆಯಲ್ಲಿ ಕರೆದುಕೊಂಡು ತಿರುಗುವುದಿಲ್ಲ. ಹುಲ್ಲಿನಲ್ಲಿ ಮಲಗಿಸಿ ತಾನು ದೂರ ಮೇಯುತ್ತದೆ. ಹುಲ್ಲೇ ಅದರ ತೊಟ್ಟಿಲು. ಮರದ ನೆರಳು ಬಿದ್ದ ಕಡೆ ಆ ಹುಲ್ಲು ಬೆಳೆಯುವುದಿಲ್ಲ. ಮೈದನಹಳ್ಳಿಯ ಆ ಜಾಗದಲ್ಲೇ ಒಂದು ಭಾಗ ಹಳೆಯ ನೀಲಗಿರಿ ತೋಪಿದೆ. ಹೋಗಿ ಒಳಗೆ ನಿಂತು ನೋಡಿ. ಕಾಲ ಕೆಳಗೆ ಒಣಗಿದ ಎಲೆ, ತೊಗಟೆ. ಹುಲ್ಲು ಇಲ್ಲ. ತೋಪಿನ ಆಚೆ ಬಯಲಲ್ಲಿ ಅಷ್ಟೊಂದು ಜಿಂಕೆ, ಒಳಗೆ ಒಂದು ಹಿಕ್ಕೆಯೂ ನಮಗೆ ಕಾಣಲಿಲ್ಲ.

ರೊಟ್ಟಿ ತಿಂದು, ಮತ್ತೆ ಮಧುಗಿರಿಗೆ ಬಂದು, ಅಲ್ಲಿಂದ ಶಿರಾ ಕಡೆ ಹೊರಟೆವು. ಮುಖ್ಯ ರಸ್ತೆ ಬಿಟ್ಟು, ನನ್ನ ಹಳೆಯ ಲಸಿಕೆ ದಾರಿಯಲ್ಲಿ. ಒಂದು ಊರಿನ ಗೋಮಾಳವನ್ನು ತೋರಿಸಬೇಕು ಅಂತ ನನಗೆ ಬಹಳ ಆಸೆ ಇತ್ತು. ಊರಿನ ಹೆಸರು ಬರೆಯುವುದಿಲ್ಲ. ಯಾರ ಮೇಲೂ ದೂರು ಹೇಳುವುದು ನನ್ನ ಉದ್ದೇಶ ಅಲ್ಲ. 1990ರ ಸುಮಾರಿಗೆ ಆ ಗೋಮಾಳದಲ್ಲಿ ಬೆಳಗಿನ ಹೊತ್ತು ನಾನು ಒಂದು ತೋಳ ನೋಡಿದ್ದೆ. ನನ್ನನ್ನು ನೋಡಿ ನಿಂತಿತು, ಆಮೇಲೆ ಅವಸರವಿಲ್ಲದೆ ನಡೆದುಹೋಯಿತು. ಅಲ್ಲಿನ ಒಬ್ಬ ಕುರಿಗಾಹಿ ಅಜ್ಜನಿಗೆ ಹೇಳಿದೆ. ಅವರ ಒಂದು ಮರಿಯನ್ನು ಅದು ಹಿಂದಿನ ವಾರವಷ್ಟೇ ಹೊತ್ತುಕೊಂಡು ಹೋಗಿತ್ತು. ಅವರು ಬಯ್ಯಲಿಲ್ಲ. "ಅದರ ಪಾಲು ಅದು ತಗೊಂಡದೆ ಸ್ವಾಮಿ. ನಾವು ಮೇಯ್ಸೋದು ಅದರ ನೆಲದಾಗೆ ಅಲ್ವಾ?" ಅಂದರು. ಆ ಮಾತು ನನ್ನ ಜೊತೆ ಇಷ್ಟು ವರ್ಷ ಬಂದಿದೆ.

ಅಲ್ಲಿಗೆ ಹೋದಾಗ ಗೋಮಾಳದ ಅರ್ಧ ಭಾಗ ಗುಂಡಿ. ಜೆಸಿಬಿಯಲ್ಲಿ ತೆಗೆದ ಗುಂಡಿಗಳು, ಸಾಲು ಹಿಡಿದು, ಅಳತೆ ಮಾಡಿದ ಹಾಗೆ. ಪಕ್ಕದಲ್ಲಿ ಕೆಂಪು ಮಣ್ಣಿನ ಗುಡ್ಡೆ, ಅದರಲ್ಲಿ ಬುಡಸಮೇತ ಕಿತ್ತು ಬಂದ ಹುಲ್ಲಿನ ಗಡ್ಡೆಗಳು. ಒಂದನ್ನು ಕೈಗೆ ತೆಗೆದುಕೊಂಡೆ. ಮೇಲೆ ಗೇಣುದ್ದ ಒಣ ಹುಲ್ಲು, ಕೆಳಗೆ ಅದಕ್ಕಿಂತ ಉದ್ದದ ಬೇರಿನ ಗೊಂಚಲು. ಬುಡದಲ್ಲಿ ಆಗಲೇ ಹಸಿರು ಚಿಗುರು ಇಣುಕುತ್ತಿತ್ತು, ಒಂದೇ ಒಂದು ಮಳೆಗೆ. ಸತ್ತಿದೆ ಅಂತ ನಾವು ಅಂದುಕೊಂಡದ್ದು ಸತ್ತಿರುವುದಿಲ್ಲ. ನೆಲದೊಳಗೆ ಬೇರು ಹಿಡಿದುಕೊಂಡು ಕಾಯುತ್ತಿರುತ್ತದೆ. ಈ ಬೇರುಗಳೇ ಮಳೆನೀರನ್ನು ಒಳಗೆ ಇಳಿಸುವುದು, ಮಣ್ಣು ಕೊಚ್ಚಿ ಹೋಗದಂತೆ ಹಿಡಿಯುವುದು.

ಆಗ ಟಿಟ್ಟಿಭ ಕೂಗಲು ಶುರುವಾಯಿತು. ಕೆಲವರು ತೇನೆ ಹಕ್ಕಿ ಅಂತಾರೆ. ತಲೆಯ ಮೇಲೇ ಸುತ್ತುತ್ತಾ ಒಂದೇ ಸಮ ಕೂಗು. "ಅದು ಮೊಟ್ಟೆ ಇಟ್ಟಿದೆ ಕಣ್ರೀ, ಅದಕ್ಕೇ ಹೀಗೆ ಒದ್ದಾಡ್ತಿದೆ" ಅಂದರು ನಮ್ಮ ಮನೆಯವರು. ಇಬ್ಬರೂ ನಿಂತಲ್ಲೇ ನಿಂತು ನೆಲ ಹುಡುಕಿದೆವು. ಕಂಡುಹಿಡಿದದ್ದು ಅವರೇ. ಎರಡು ಗುಂಡಿಗಳ ನಡುವೆ, ಗುಂಡಿಯ ಮಣ್ಣು ಬಿದ್ದ ಜಾಗಕ್ಕೆ ಎರಡು ಗೇಣು ದೂರದಲ್ಲಿ, ಕೆದಕಿದ ಸಣ್ಣ ತಗ್ಗು. ಸುತ್ತ ಬೆಣಚುಕಲ್ಲಿನ ಚೂರು. ಅದರಲ್ಲಿ ನಾಲ್ಕು ಮೊಟ್ಟೆ, ಚೂಪು ತುದಿಗಳೆಲ್ಲ ಒಳಕ್ಕೆ ಸೇರಿಸಿ ಜೋಡಿಸಿಟ್ಟ ಹಾಗೆ. ಕಂದು ನೆಲದ ಬಣ್ಣ, ಮೇಲೆ ಕಪ್ಪು ಮಚ್ಚೆ. ಒಂದು ಕ್ಷಣ ಕಣ್ಣು ಬೇರೆ ಕಡೆ ಹೋದರೆ ಮತ್ತೆ ಹುಡುಕಬೇಕು. ಗೂಡು ಅನ್ನುವುದಕ್ಕೆ ಒಂದು ಕಡ್ಡಿಯೂ ಇರಲಿಲ್ಲ.

ನಾವು ಹಿಂದೆ ಸರಿದು ಕಾರಿನ ಹತ್ತಿರ ಕೂತೆವು. ಹಕ್ಕಿ ನೇರವಾಗಿ ಗೂಡಿಗೆ ಬರಲಿಲ್ಲ. ಮೊದಲು ಪಕ್ಕದ ಕಟ್ಟೆಗೆ ಹೋಗಿ ಅಲ್ಲಿದ್ದ ಸ್ವಲ್ಪ ನೀರಿನಲ್ಲಿ ಹೊಟ್ಟೆ ನೆನೆಸಿಕೊಂಡಿತು. ಆಮೇಲೆ ನಡೆದು ಬಂದು, ಆ ಕಡೆ ಈ ಕಡೆ ನೋಡಿ, ಆ ಒದ್ದೆ ಹೊಟ್ಟೆಯನ್ನು ಮೊಟ್ಟೆಗಳ ಮೇಲೆ ಇಟ್ಟು ಕೂತಿತು. ಮಟಮಟ ಮಧ್ಯಾಹ್ನ, ನೆಲ ಕಾದ ಬಾಣಲೆಯ ಹಾಗಿತ್ತು. ಮೊಟ್ಟೆ ಬೇಯದ ಹಾಗೆ ಅದು ಮಾಡುವ ಉಪಾಯ. ಹೀಗೆ ಸುಮಾರು ಒಂದು ತಿಂಗಳು, ಗಂಡು ಹೆಣ್ಣು ಸರದಿಯ ಮೇಲೆ. ಊರು ತಿರುಗಿದ ನಾನೇ ಇದನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು.

ಜೆಸಿಬಿ ಹುಡುಗ ಹುಣಸೆ ಮರದಡಿ ಊಟ ಮಾಡುತ್ತಿದ್ದ. ಕರೆದು ತೋರಿಸಿದೆ. ಪಾಪ, ಅವನಿಗೆ ಗೊತ್ತೇ ಇರಲಿಲ್ಲ. "ಅಯ್ಯೋ ಸಾರ್, ಬೆಳಿಗ್ಗೆಯಿಂದ ಕೂಗ್ತಾನೇ ಇತ್ತು, ಯಾಕೆ ಅಂತ ತಿಳೀಲಿಲ್ಲ" ಅಂದ. ಅವನೇ ಹೋಗಿ ನಾಲ್ಕು ದೊಡ್ಡ ಕಲ್ಲು ತಂದು ಗೂಡಿನಿಂದ ದೂರದಲ್ಲಿ ಗುರುತಿಗೆ ಇಟ್ಟ. ಆ ಸಾಲು ಬಿಟ್ಟು ಬೇರೆ ಕಡೆ ಕೆಲಸ ಮಾಡುತ್ತೇನೆ ಅಂದ. ಇಷ್ಟೊಂದು ಗುಂಡಿ ಯಾಕಪ್ಪ ಅಂತ ಕೇಳಿದೆ. "ಪರಿಸರ ದಿನಕ್ಕೆ ಗಿಡ ನೆಡ್ತಾರಂತೆ ಸಾರ್. ಖಾಲಿ ಜಾಗ ಅಲ್ವಾ?"

ಖಾಲಿ ಜಾಗ. ಆ ಹುಡುಗನ ತಪ್ಪಲ್ಲ. ಮಾರನೇ ದಿನ ನಾನು ಈ ಕೆಲಸಕ್ಕೆ ಸಂಬಂಧಪಟ್ಟವರೊಬ್ಬರಿಗೆ ಫೋನ್ ಮಾಡಿದೆ. ಅವರು ಮರ್ಯಾದೆಯಿಂದಲೇ ಮಾತಾಡಿದರು. "ರೆಕಾರ್ಡಿನಲ್ಲಿ ಖರಾಬು ಅಂತ ಇದೆಯಲ್ಲ ಸಾರ್. ಹಸಿರು ಮಾಡೋಣ ಅಂತ" ಅಂದರು.

ನನಗೆ ಈ ಪದ ಚುಚ್ಚುತ್ತದೆ. ಉಳುಮೆಗೆ ಬಾರದ ನೆಲಕ್ಕೆ ಪಹಣಿಯಲ್ಲಿ ಖರಾಬು ಅಂತ ಬರೆದರು. ಕಂದಾಯ ಲೆಕ್ಕಕ್ಕೆ ಅದು ಸರಿ, ಕಂದಾಯ ಬಾರದ ನೆಲ ಅಂತ ಅಷ್ಟೇ ಅರ್ಥ. ಆದರೆ ಮಾತಿನಲ್ಲಿ ಖರಾಬು ಅಂದರೆ ಕೆಟ್ಟದ್ದು. ಬರೆದು ಬರೆದು, ಓದಿ ಓದಿ, ಆ ನೆಲವೇ ಕೆಟ್ಟದ್ದು, ಏನಾದರೂ ಮಾಡಿ ಸರಿಪಡಿಸಬೇಕಾದ್ದು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ನಮ್ಮ ಹಿರಿಯರಲ್ಲಿ ಇದಕ್ಕೆ ಬೇರೆ ಹೆಸರುಗಳಿದ್ದವು. ಹುಲ್ಲುಬನ್ನಿ. ಗೋಮಾಳ. ಕಾವಲು. ಕಾವಲು ಅನ್ನುವ ಮಾತಿನಲ್ಲೇ ಕಾಯುವುದು ಇದೆ. ಮೈಸೂರು ಅರಸರ ಕಾಲದಲ್ಲಿ ಅರಮನೆಯ ದನ ಸಾಕುತ್ತಿದ್ದ ಬೆಣ್ಣೆ ಚಾವಡಿ ಅನ್ನುವ ಇಲಾಖೆಗೆ ಟಿಪ್ಪು ಅಮೃತ ಮಹಲ್ ಅಂತ ಹೆಸರಿಟ್ಟ. ಆ ದನಗಳಿಗೆ ಅಂತ ತುಮಕೂರು, ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು ಕಡೆಯೆಲ್ಲ ಕಾವಲುಗಳನ್ನು ಬಿಟ್ಟಿದ್ದರು. ಬೇಸಿಗೆಗೆ ಬೇರೆ, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ. ಹುಲ್ಲನ್ನು ಬೆಳೆ ಅಂತಲೇ ನೋಡಿದ ಜನ ಅವರು. ಅಲ್ಲಿ ಮರ ಇಲ್ಲ ಅಂತ ಯಾರೂ ಕೊರಗಿದ ಹಾಗೆ ಕಾಣುವುದಿಲ್ಲ.

ಇದನ್ನು ಬೇರೆಯವರಿಗೆ ಹೇಳುವ ಮೊದಲು ನನ್ನದೇ ಒಂದು ತಪ್ಪು ಹೇಳಬೇಕು. 80ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹುರುಪು. 1987ರಲ್ಲಿ ಒಂದು ಹಳ್ಳಿಯ ಗೋಮಾಳದಲ್ಲಿ ನೀಲಗಿರಿ ನೆಟ್ಟಾಗ ನಾನೂ ಮುಂದೆ ನಿಂತಿದ್ದೆ. ಕುರಿಗಾಹಿಗಳು "ಮೇವಿಗೆ ಏನು ಮಾಡೋಣ ಸ್ವಾಮಿ?" ಅಂತ ಕೇಳಿದರು. ಮರ ಬಂದರೆ ಮಳೆ ಬರುತ್ತದೆ, ಎಲ್ಲ ಸರಿಹೋಗುತ್ತದೆ ಅಂತ ನಾನೇ ಅವರಿಗೆ ಹೇಳಿ ಒಪ್ಪಿಸಿದೆ. ಅವರು ನನ್ನ ಮಾತು ನಂಬಿದರು, ಅವರ ಕುರಿಗೆ ಸೂಜಿ ಹಾಕುವವನು ನಾನು ಅನ್ನುವ ಒಂದೇ ಕಾರಣಕ್ಕೆ. ಹತ್ತು ವರ್ಷದಲ್ಲಿ ಅಲ್ಲಿ ಮೇವು ಇಲ್ಲ. ಮೊದಲು ಅಲ್ಲಿ ಹತ್ತು ಹದಿನೈದು ಜಿಂಕೆ ಮೇಯುತ್ತಿದ್ದವು, ಆಮೇಲೆ ಒಂದೂ ಕಾಣಲಿಲ್ಲ. ಹಂಚಿಕಡ್ಡಿ ಕೊಯ್ದು ಪೊರಕೆ ಕಟ್ಟಿ ಸಂತೆಯಲ್ಲಿ ಮಾರುತ್ತಿದ್ದ ಇಬ್ಬರು ಹೆಂಗಸರು ಕೂಲಿಗೆ ಹೋಗತೊಡಗಿದರು. ಕುರಿ ಮಾರಿ ಬೆಂಗಳೂರು ಸೇರಿದ ಒಂದು ಮನೆಯೂ ನನಗೆ ಗೊತ್ತು.

ರಾಣೆಬೆನ್ನೂರಿನ ಕಥೆ ಇದಕ್ಕಿಂತ ದೊಡ್ಡದು. ಅಲ್ಲಿ 119 ಚದರ ಕಿಲೋಮೀಟರ್ ಜಾಗವನ್ನು 1974ರಲ್ಲಿ ಕೃಷ್ಣಮೃಗಗಳಿಗಾಗಿ ಅಭಯಾರಣ್ಯ ಮಾಡಿದರು. ಆದರೆ ಅದೇ ನೆಲದ ಬಹುಭಾಗ ನೀಲಗಿರಿ ತೋಪಾಯಿತು. ಎರೆಭೂತ ಅಂತ ಕರೆಯುವ ದೊಡ್ಡ ಹಕ್ಕಿ ಅಲ್ಲಿತ್ತು. ಬಯಲಿನಲ್ಲೇ ಬದುಕುವ, ನೆಲದ ಮೇಲೇ ಒಂದೇ ಒಂದು ಮೊಟ್ಟೆ ಇಡುವ ಹಕ್ಕಿ. ಈಗ ಅಲ್ಲಿ ಇಲ್ಲ. ರಾಜ್ಯದಲ್ಲಿ ಅದು ಉಳಿದಿರುವುದು ಬಳ್ಳಾರಿಯ ಸಿರುಗುಪ್ಪ ಕಡೆ, ಅದೂ ಬೆರಳೆಣಿಕೆಯಷ್ಟು.

2017ರಲ್ಲಿ ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಈಗ ಹೊಂಗೆ, ಬೇವು ನೆಡುತ್ತೇವೆ, ಅದರಿಂದ ತೊಂದರೆ ಇಲ್ಲ ಅನ್ನುವವರಿದ್ದಾರೆ. ನೀರು ಹೀರುವ ವಿಷಯದಲ್ಲಿ ಅದು ನಿಜ ಇರಬಹುದು. ಆದರೆ ಬಯಲಿನ ಹುಲ್ಲಿಗೆ ಬಿಸಿಲು ಬೇಕು. ಅದರ ಮೇಲೆ ಬಿದ್ದದ್ದು ಹೊಂಗೆಯ ನೆರಳಾದರೇನು, ನೀಲಗಿರಿಯದಾದರೇನು?

ದಯವಿಟ್ಟು ನನ್ನನ್ನು ಮರದ ವಿರೋಧಿ ಅಂದುಕೊಳ್ಳಬೇಡಿ. ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕನವರನ್ನೇ ನೋಡಿ. ಹುಲಿಕಲ್‌ನಿಂದ ಕುದೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ಆಲ ನೆಟ್ಟರು. ನಡೆದು ಹೋಗುವವರಿಗೆ ನೆರಳು ಬೇಕಾದ ಜಾಗ ಅದು. ನೀರು ಹೊತ್ತು ಬೆಳೆಸಿದರು. ನಾವೂ ಹಾಗೆ ಮಾಡಬಹುದಲ್ಲ? ಶಿರಾ, ಮಧುಗಿರಿ ಪೇಟೆಗಳಲ್ಲಿ ಬಸ್ಸಿಗೆ ಕಾಯುವವರ ತಲೆ ಸುಡುತ್ತಿದೆ. ರಸ್ತೆ ಅಗಲ ಮಾಡಿದಾಗ ಕಡಿದ ಸಾಲುಮರಗಳ ಜಾಗ ಹಾಗೇ ಬೋಳಾಗಿದೆ. ಎಷ್ಟೋ ಶಾಲೆಗಳ ಆಟದ ಬಯಲಿನ ಅಂಚಿಗೆ ಒಂದು ಬೇವೂ ಇಲ್ಲ. ಗುಂಡುತೋಪುಗಳು ಅರ್ಧ ಖಾಲಿಯಾಗಿವೆ. ಅಲ್ಲಿ ನೆಡಿ. ನಾನೂ ಗುದ್ದಲಿ ತೆಗೆದುಕೊಂಡು ಬರುತ್ತೇನೆ. ಗೋಮಾಳ, ಕಾವಲು, ಹುಲ್ಲುಬನ್ನಿಗೆ ಕೈ ಹಾಕುವ ಮೊದಲು ಮಾತ್ರ ಒಂದು ಬೆಳಿಗ್ಗೆ ಅಲ್ಲಿ ಹೋಗಿ ಕೂತು ನೋಡಿ. ಅಲ್ಲಿ ಕುರಿ ಮೇಯಿಸುವವರನ್ನು ಒಂದು ಮಾತು ಕೇಳಿ.

ಬಯಲಿನ ಪಕ್ಕದ ರೈತರ ಕಷ್ಟವೂ ನನಗೆ ಗೊತ್ತು. ಕಡಲೆಕಾಯಿ ಮೊಳಕೆ ಬಂದಾಗ ಜಿಂಕೆಗಳು ಸಾಲು ಹಿಡಿದು ತಿಂದುಹಾಕುತ್ತವೆ, ರಾತ್ರಿಯಿಡೀ ಕಾಯಬೇಕು. ಆದರೆ ಬಯಲಿನ ಹುಲ್ಲು ಕಡಿಮೆಯಾದಷ್ಟೂ ಅವು ಹೊಲಕ್ಕೆ ನುಗ್ಗುವುದು ಜಾಸ್ತಿಯಾಗುತ್ತದೆ. ಇದನ್ನು ಮಧುಗಿರಿ ಕಡೆಯ ರೈತರೇ ನನಗೆ ಹೇಳಿದ್ದಾರೆ.

ಮಧ್ಯಾಹ್ನದ ಮೇಲೆ ಕಗ್ಗಲಡು. ಶಿರಾ ತಾಲ್ಲೂಕಿನ ಈ ಊರಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಪ್ರತಿ ವರ್ಷ ಬಂದು ಗೂಡು ಕಟ್ಟುತ್ತವೆ. ಊರ ಹೊರಗೆ ಅಲ್ಲ, ಮನೆಗಳ ನಡುವೆ. ಈಗ ಮರಿಗಳು ದೊಡ್ಡವಾಗಿವೆ, ಗೂಡಿನ ಅಂಚಿಗೆ ಬಂದು ರೆಕ್ಕೆ ಬಡಿಯುತ್ತಿದ್ದವು. ಕೆಳಗೆಲ್ಲ ಬಿಳಿ ಹಿಕ್ಕೆ, ಮೀನಿನ ವಾಸನೆ. ಜಗಲಿ ಮೇಲೆ ಕೂತಿದ್ದ ಒಬ್ಬ ಅಜ್ಜಿಯನ್ನು ನಮ್ಮ ಮನೆಯವರು ಮಾತಾಡಿಸಿದರು. "ಈ ವಾಸನೆ ತೊಂದ್ರೆ ಆಗಲ್ವಾ ಅಜ್ಜಿ?" "ಬಾಣಂತನಕ್ಕೆ ಬಂದವೆ ಕಣವ್ವ. ಬಾಣಂತಿ ಮನೇಲಿ ವಾಸನೆ ಇರಾಕಿಲ್ವಾ? ಮಳೆ ಹಿಡಿದ ಮೇಲೆ ಹೋಯ್ತವೆ" ಅಂದರು. ಇಲ್ಲಿ ಹಕ್ಕಿಗೆ ಮರ ಬೇಕು, ಊರಿನವರು ಮರ ಉಳಿಸಿಕೊಟ್ಟಿದ್ದಾರೆ. ಆ ಗೋಮಾಳದಲ್ಲಿ ಹಕ್ಕಿಗೆ ಬರಿ ನೆಲ ಬೇಕು. ಅದನ್ನೂ ಹೀಗೇ ಉಳಿಸಿಕೊಡಬಹುದು ಅಲ್ವಾ?

ಬುಕ್ಕಾಪಟ್ಟಣದ ಕಡೆ ಹೋಗಲು ಹೊತ್ತಾಗಿತ್ತು. 2019ರಲ್ಲಿ ಚಿಂಕಾರ ಅನ್ನುವ ಸಣ್ಣ ಹುಲ್ಲೆಗಳಿಗೆ ಅಂತ ಅಭಯಾರಣ್ಯ ಆದ ಕಾಡು ಅದು. ಅಲ್ಲಿ ಕುರುಚಲು ಕಾಡಿನ ಜೊತೆ ಹುಲ್ಲೂ ಇದೆ. ಇನ್ನೊಂದು ದಿನ ಹೋಗಬೇಕು. ಶಿರಾದಿಂದ ಹೆದ್ದಾರಿ ಹಿಡಿದು ಏಳೂವರೆಗೆ ಮನೆ ಸೇರಿದೆವು. ಒಟ್ಟು ಇನ್ನೂರು ಚಿಲ್ಲರೆ ಕಿಲೋಮೀಟರ್. ದಾರಿಯಲ್ಲಿ ಚಕ್ರಕ್ಕೆ ಸಿಕ್ಕಿ ಸತ್ತಿದ್ದ ಒಂದು ಮುಂಗುಸಿ, ಒಂದು ಉಡ, ಎರಡು ಹಾವು ನೋಡಿದೆವು. ಅದನ್ನೂ ಬರೆಯದೆ ಬಿಟ್ಟರೆ ತಪ್ಪಾಗುತ್ತದೆ.

ನಿನ್ನೆ ಆ ಜೆಸಿಬಿ ಹುಡುಗ ಫೋನ್ ಮಾಡಿದ್ದ. ಆ ಕಡೆಯ ಕೆಲಸ ಸದ್ಯಕ್ಕೆ ನಿಲ್ಲಿಸಿದ್ದಾರಂತೆ, ಸಸಿ ಇನ್ನೂ ಬಂದಿಲ್ಲವಂತೆ. ನಾಲ್ಕು ಕಲ್ಲು ಹಾಗೇ ಇವೆ, ಹಕ್ಕಿ ಕೂತಿದೆ ಅಂದ. ಸಸಿ ತರುವವರು ಈ ಪತ್ರ ಓದಿದರೆ, ಆ ಗುಂಡಿಗಳಿಗೆ ತೆಗೆದ ಮಣ್ಣನ್ನೇ ಮತ್ತೆ ತುಂಬಿಸಿ ಅಂತ ಕೈಮುಗಿದು ಕೇಳುತ್ತೇನೆ. ಸಸಿಗಳನ್ನು ಅದೇ ಊರಿನ ಶಾಲೆಯ ಅಂಗಳಕ್ಕೆ ಒಯ್ಯೋಣ, ನೀರು ಹಾಕಲು ವಾರಕ್ಕೊಮ್ಮೆ ನಾನು ಬರುತ್ತೇನೆ. ಮೊಟ್ಟೆ ಯಾವಾಗ ಇಟ್ಟಿತೋ ಗೊತ್ತಿಲ್ಲ. ಜೂನ್ ಮಧ್ಯದ ಹೊತ್ತಿಗೆ ಮರಿ ಆಗಿರಬೇಕು ಅಂತ ನಮ್ಮ ಮನೆಯವರು ಲೆಕ್ಕ ಹಾಕಿ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟಿದ್ದಾರೆ.

ಇಂತಿ,
ಒಬ್ಬ ನಿವೃತ್ತ ಪಶು ಪರೀಕ್ಷಕ
ತುಮಕೂರು